ಮೂಲಿಕೆಯನ್ನು ನಂಬುವವರೇ ಅದನ್ನು ಪರೀಕ್ಷಿಸಬೇಕು



2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಮಧುಮೇಹಪೂರ್ವ ಸ್ಥಿತಿಯಲ್ಲಿರುವವರು 13.6 ಕೋಟಿ. ಇಂಥವರೊಬ್ಬರು ರಿಪೋರ್ಟ್ ಹಿಡಿದು ಬರುತ್ತಾರೆ. ಖಾಲಿಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ 6.1, ಕೊಲೆಸ್ಟ್ರಾಲ್ ಕೂಡ ತುಸು ಮೇಲೆ. “ಬಾರ್ಡರ್‌ನಲ್ಲಿದೆ, ಈಗಲೇ ಮಾತ್ರೆ ಬೇಡ, ವಾಕಿಂಗ್ ಮಾಡಿ, ಮೂರು ತಿಂಗಳು ಬಿಟ್ಟು ನೋಡೋಣ” ಎಂದು ವೈದ್ಯರಾದ ನಾವು ಹೇಳಿ ಕಳಿಸುತ್ತೇವೆ. ಆ ಮೂರು ತಿಂಗಳು ಅವರು ಸುಮ್ಮನೆ ಕೂರುವುದಿಲ್ಲ. ಪಕ್ಕದ ಮನೆಯವರು ಮೆಂತ್ಯದ ನೀರು ಎನ್ನುತ್ತಾರೆ, ನೆಂಟರು ನೇರಳೆ ಬೀಜದ ಪುಡಿ ಕಳಿಸುತ್ತಾರೆ, ಮೊಬೈಲ್‌ನಲ್ಲಿ ಕ್ಯಾಪ್ಸೂಲ್‌ನ ಜಾಹೀರಾತು ಬರುತ್ತದೆ. ನಾವು ಹೇಳದೆ ಬಿಟ್ಟದ್ದನ್ನು ಮಾರುಕಟ್ಟೆ ಹೇಳುತ್ತದೆ.

ಈ ವಿಚಾರ ಸಂಕಿರಣದ ಆಶಯವನ್ನು ಒಂದು ಮಾತಿನಲ್ಲಿ ಹೇಳುತ್ತೇನೆ: ಗಿಡಮೂಲಿಕೆಯ ಮೇಲೆ ನಂಬಿಕೆ ಇರುವವರೇ ಅದನ್ನು ಕಟ್ಟುನಿಟ್ಟಿನ ಪರೀಕ್ಷೆಗೆ ಒಡ್ಡಬೇಕು.

ಗಿಡದಿಂದ ಔಷಧ ಬರುವುದಿಲ್ಲ ಎಂದು ಯಾರೂ ಹೇಳಲಾರರು. ಯುರೋಪಿನ ಗಲೀಗಾ ಎಂಬ ಗಿಡದ ಗ್ಯಾಲೆಜಿನ್ ಸಕ್ಕರೆಯನ್ನು ಇಳಿಸುತ್ತಿತ್ತು, ಆದರೆ ವಿಷಕಾರಿಯಾಗಿತ್ತು. ಅದೇ ಜಾತಿಯ ಸಂಯುಕ್ತಗಳ ಅಧ್ಯಯನ ಮುಂದುವರಿದು, 1957ರಲ್ಲಿ ಪ್ಯಾರಿಸ್‌ನ ವೈದ್ಯ ಜಾನ್ ಸ್ಟರ್ನ್ ಮೆಟ್‌ಫಾರ್ಮಿನ್ ಅನ್ನು ಮಧುಮೇಹಿಗಳಲ್ಲಿ ಬಳಸಿದ ಫಲಿತಾಂಶ ಪ್ರಕಟಿಸಿದರು. ಗಿಡ ದಾರಿ ತೋರಿಸಿತು; ಪ್ರಮಾಣ ಮತ್ತು ಸುರಕ್ಷತೆಯನ್ನು ತೀರ್ಮಾನಿಸಿದ್ದು ಪರೀಕ್ಷೆ.

ನಮ್ಮ ಅಡುಗೆಮನೆಯ ಮೆಂತ್ಯವನ್ನೇ ನೋಡೋಣ. ಅದರ ಕರಗುವ ನಾರು ಕರುಳಿನಲ್ಲಿ ಲೋಳೆಯಾಗಿ ಸಕ್ಕರೆಯ ಹೀರಿಕೆಯನ್ನು ನಿಧಾನಗೊಳಿಸುತ್ತದೆ, ಪಿತ್ತಾಮ್ಲಗಳನ್ನು ಹಿಡಿದು ಹೊರಹಾಕಿ ಕೊಲೆಸ್ಟ್ರಾಲ್ ಇಳಿಯಲು ನೆರವಾಗುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಧುಮೇಹಪೂರ್ವ ಸ್ಥಿತಿಯ 140 ಜನರನ್ನು ಮೂರು ವರ್ಷ ಗಮನಿಸಲಾಯಿತು. ಊಟಕ್ಕೆ ಮೊದಲು ದಿನಕ್ಕೆ ಎರಡು ಬಾರಿ 5 ಗ್ರಾಂ ಮೆಂತ್ಯದ ಪುಡಿ ತೆಗೆದುಕೊಂಡ ಗುಂಪಿನಲ್ಲಿ ಮಧುಮೇಹಕ್ಕೆ ಜಾರಿದವರು ಕಡಿಮೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಕೂಡ ಇಳಿಯಿತು. ಭರವಸೆಯ ಫಲಿತಾಂಶವೇ. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ 10 ಗ್ರಾಂ. ಬರೀ ಪುಡಿ ತುಂಬಿದ 500 ಮಿಲಿಗ್ರಾಂ ಕ್ಯಾಪ್ಸೂಲ್ ದಿನಕ್ಕೆರಡು ನುಂಗಿದವರಿಗೆ ಸಿಗುವುದು ಅದರ ಹತ್ತನೇ ಒಂದು ಪಾಲು. ಆ ಫಲಿತಾಂಶವನ್ನು ಈ ಕ್ಯಾಪ್ಸೂಲ್ ಡಬ್ಬಿಯ ಮೇಲೆ ಅಚ್ಚು ಹಾಕುವುದು ನ್ಯಾಯವಲ್ಲ.

ಹೊನ್ನೆ ಮರದ ಲೋಟವನ್ನು ನೀವೆಲ್ಲ ನೋಡಿದ್ದೀರಿ. ರಾತ್ರಿ ನೀರು ತುಂಬಿಟ್ಟರೆ ಬೆಳಗ್ಗೆ ಕಂದು ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದಾಗ ನೀಲಿ ಹೊಳಪು ಕಾಣುತ್ತದೆ. ಐಸಿಎಂಆರ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೊನ್ನೆಯ ಸಾರದಿಂದ ಹಲವರ ಸಕ್ಕರೆ ಹತೋಟಿಗೆ ಬಂದದ್ದು ನಿಜ. ಆದರೆ ಅವರು ಹೊಸದಾಗಿ ಮಧುಮೇಹ ಪತ್ತೆಯಾದವರು, ಕೊಟ್ಟದ್ದು ಅಳೆದ ಸಾರ. ಲೋಟದ ನೀರಿಗೆ ಎಷ್ಟು ಸಾರ ಇಳಿಯುತ್ತದೆ, ತಿಂಗಳುಗಟ್ಟಲೆ ಬಳಸಿದ ಲೋಟದಲ್ಲಿ ಎಷ್ಟು ಉಳಿದಿರುತ್ತದೆ? ಬಣ್ಣ ನೋಡಿ ಇದನ್ನು ಹೇಳಲಾಗದು.

ಸುರಕ್ಷತೆಯ ವಿಷಯಕ್ಕೆ ಬರೋಣ. “ನೈಸರ್ಗಿಕ” ಎಂದು ಮಾರುವ ಕೆಂಪು ಯೀಸ್ಟ್ ಅಕ್ಕಿಯಲ್ಲಿರುವ ಮೊನಾಕೊಲಿನ್ ಕೆ ಮತ್ತು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯಾದ ಲೊವಾಸ್ಟಾಟಿನ್ ಒಂದೇ ರಾಸಾಯನಿಕ. ಈಗಾಗಲೇ ಸ್ಟಾಟಿನ್ ಮಾತ್ರೆ ನುಂಗುತ್ತಿರುವವರು ಇದನ್ನೂ ತೆಗೆದುಕೊಂಡರೆ, ಗೊತ್ತಿಲ್ಲದೆ ಒಂದೇ ಬಗೆಯ ಔಷಧವನ್ನು ಎರಡು ಪಟ್ಟು ಸೇವಿಸಿದಂತೆ. ಮರದರಿಶಿನದ ಬರ್ಬೆರಿನ್ ಬೇರೆ ಮಾತ್ರೆಗಳು ಯಕೃತ್ತಿನಲ್ಲಿ ವಿಭಜನೆಯಾಗುವ ಬಗೆಯನ್ನೇ ಬದಲಿಸಬಲ್ಲದು. ಸಕ್ಕರೆ ಇಳಿಸುವ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಮಧುಮೇಹದ ಮಾತ್ರೆಯನ್ನೇ ಕದ್ದು ಬೆರೆಸಿದ ಪ್ರಕರಣಗಳು ಹಲವು ದೇಶಗಳಲ್ಲಿ ಪತ್ತೆಯಾಗಿವೆ. ಪುಡಿ “ಪವಾಡ” ಮಾಡಿದಾಗ ಮೊದಲು ಬರಬೇಕಾದ್ದು ಈ ಅನುಮಾನ.

ಮೂಲಿಕೆ ಯಾವುದೇ ಇರಲಿ, ನಡಿಗೆಯ ಜಾಗವನ್ನು ಅದು ತೆಗೆದುಕೊಳ್ಳಬಾರದು. 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ಆಹಾರ ಮತ್ತು ನಡಿಗೆಯ ಬದಲಾವಣೆಯೊಂದೇ ಮಧುಮೇಹದ ಅಪಾಯವನ್ನು ಶೇ. 28.5ರಷ್ಟು ತಗ್ಗಿಸಿತು, ಮೆಟ್‌ಫಾರ್ಮಿನ್ ಸಾಧಿಸಿದ್ದು ಶೇ. 26.4. ಪ್ರಮೇಹದ ಚಿಕಿತ್ಸೆಯಲ್ಲಿ ಸುಶ್ರುತ ಸಂಹಿತೆಯೂ ದೂರದ ಕಾಲ್ನಡಿಗೆಯನ್ನು, ಬಾವಿ ತೋಡುವಂಥ ದೇಹಶ್ರಮವನ್ನು ಹೇಳುತ್ತದೆ. ಹಳೆಯ ಶಾಸ್ತ್ರವೂ ಹೊಸ ವಿಜ್ಞಾನವೂ ಇಲ್ಲಿ ಒಂದೇ ಕಡೆ ನಿಂತಿವೆ.

ನನ್ನ ಕೋರಿಕೆ ಮೂರು. ಒಂದು, “ಮನೆಮದ್ದು, ಪುಡಿ, ಕ್ಯಾಪ್ಸೂಲ್ ಏನಾದರೂ ತಗೊಳ್ತಿದ್ದೀರಾ?” ಎಂದು ಪ್ರತಿಯೊಬ್ಬರನ್ನೂ ಕೇಳೋಣ, ಗದರಿಸದೆ ಕೇಳೋಣ. ಗದರಿಸಿದವರ ಮುಂದೆ ಯಾರೂ ನಿಜ ಹೇಳುವುದಿಲ್ಲ. ಎರಡು, ಸಂಶೋಧಕರು ಸಸ್ಯದ ಗುರುತು, ಭಾಗ, ಪ್ರಮಾಣ, ಅವಧಿಯನ್ನು ಖಚಿತವಾಗಿ ದಾಖಲಿಸಿ, ಹೋಲಿಕೆಯ ಗುಂಪಿಟ್ಟು ಪರೀಕ್ಷಿಸಲಿ. ಫಲ ಕೊಡದ ಪ್ರಯೋಗಗಳನ್ನೂ ಪ್ರಕಟಿಸಲಿ. ಮೂರು, ಮಧುಮೇಹ ಗುಣಪಡಿಸುತ್ತೇವೆಂಬ ಜಾಹೀರಾತನ್ನು ಆಕ್ಷೇಪಾರ್ಹ ಔಷಧ ಜಾಹೀರಾತುಗಳ ಕುರಿತ 1954ರ ಕಾಯ್ದೆಯೇ ನಿಷೇಧಿಸಿದೆ. ಕಣ್ಣಿಗೆ ಬಿದ್ದಾಗ ದೂರು ಕೊಡೋಣ.

ಮಧುಮೇಹಪೂರ್ವ ಸ್ಥಿತಿಯಲ್ಲಿರುವವರು ಇನ್ನೂ ರೋಗಿಗಳಲ್ಲ. ಅವರಲ್ಲಿ ಅನೇಕರು ಸಹಜ ಸ್ಥಿತಿಗೆ ಮರಳಬಲ್ಲರು. ಅವರ ಕೈಗೆ ನಾವು ಕೊಡುವ ಯಾವುದೇ ಎಲೆ, ಬೀಜ, ಮಾತ್ರೆ ಆ ಅವಕಾಶವನ್ನು ಹೆಚ್ಚಿಸಬೇಕು. ಇಂದಿನ ಗೋಷ್ಠಿಗಳಲ್ಲಿ ಪ್ರತಿಯೊಂದು ಪ್ರಬಂಧವನ್ನೂ ಈ ಒರೆಗೆ ಹಚ್ಚಿ ಚರ್ಚಿಸಿ ಎಂದು ವಿನಂತಿಸುತ್ತೇನೆ.