ಸೊಲ್ಲು ಹಾಕುವವರ ದನಿ ಎಲ್ಲಿ ಹೋಯಿತು?

ಮದ್ದೂರು ಎಂದೊಡನೆ ಬಹುಮಂದಿಗೆ ನೆನಪಾಗುವುದು ಮಂಡ್ಯ ಜಿಲ್ಲೆಯ ಊರು, ಅಲ್ಲಿನ ವಡೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿಯೂ ಒಂದು ಮದ್ದೂರು ಇದೆ. ಬಂಡೀಪುರದ ಕಾಡಂಚಿನಲ್ಲಿ, ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯ ಮೇಲಿನ ಊರು ಅದು. 2009ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿಷೇಧದಿಂದಾಗಿ, ಕೆಲವೇ ಬಸ್ಸು ಮತ್ತು ತುರ್ತು ವಾಹನಗಳನ್ನು ಬಿಟ್ಟರೆ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ಕಾಡುದಾರಿಯಲ್ಲಿ ಲಾರಿಗಳ ಸದ್ದಿರುವುದಿಲ್ಲ. ಧ್ವನಿಮುದ್ರಣಕ್ಕೆ ಹೊರಟವರಿಗೆ ಇಂಥ ನಿಶ್ಶಬ್ದ ಒಂದು ವರವೇ ಸರಿ. ಏಕೆಂದರೆ ಈ ಸೀಮೆಯ ದೊಡ್ಡ ಕಾವ್ಯಗಳು ರಾತ್ರಿಯಿಡೀ ಹಾಡುವಂಥವು.

ಚಾಮರಾಜನಗರ ಜಿಲ್ಲೆ ಎರಡು ಮೌಖಿಕ ಮಹಾಕಾವ್ಯಗಳ ನೆಲ. ಮಲೆಯ ಮಾದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆಯನ್ನು ನೀಲಗಾರರು ಹಾಡುತ್ತಾರೆ. ನೀಲಗಾರರ ಮೇಳದಲ್ಲಿ ಮುಖ್ಯ ಗಾಯಕ ತಂಬೂರಿ ಮೀಟುತ್ತ ಕಥೆ ನಡೆಸುತ್ತಾನೆ. ಜೊತೆಯವರು ಗಗ್ಗರ, ದಮ್ಮಡಿ, ತಾಳ ನುಡಿಸುತ್ತ ಸೊಲ್ಲು ಹಾಕುತ್ತಾರೆ. ಸೊಲ್ಲು ಬರಿಯ ಪಲ್ಲವಿಯಲ್ಲ. ಗಾಯಕ ಉಸಿರು ತೆಗೆದುಕೊಳ್ಳುವುದು, ಮುಂದಿನ ಸಾಲನ್ನು ನೆನೆಯುವುದು, ಕಥೆಯ ವೇಗ ಏರಿಸುವುದು ಆ ಸೊಲ್ಲಿನ ಆಸರೆಯಲ್ಲೇ.

ಇಂಥ ಹಾಡಿಕೆಯನ್ನು ಗಣಕಯಂತ್ರದಲ್ಲಿ ಸಂಕಲಿಸಿ ಬೆರೆಸುವಾಗ ಏನಾಗುತ್ತದೆ ಎಂಬುದೇ ಈ ಮಾತಿನ ವಿಷಯ.

ಮೊದಮೊದಲು ಧ್ವನಿಮುದ್ರಣವೆಂದರೆ ಒಂದೇ ಮೈಕು, ಎಲ್ಲರೂ ಅದರ ಸುತ್ತ. ಯಾರ ದನಿ ದೊಡ್ಡದಾಗಬೇಕೋ ಅವರು ಹತ್ತಿರ ನಿಲ್ಲುತ್ತಿದ್ದರು. 1957ರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಆಂಪೆಕ್ಸ್ ಕಂಪನಿ ಎಂಟು ಟ್ರ್ಯಾಕುಗಳ ಟೇಪ್ ಯಂತ್ರ ಮಾಡಿಕೊಟ್ಟಿತು. ಒಂದೇ ಟೇಪಿನ ಮೇಲೆ ಎಂಟು ದನಿಗಳು ಅಕ್ಕಪಕ್ಕದಲ್ಲಿ, ಒಂದಕ್ಕೊಂದು ತಾಗದಂತೆ ಮುದ್ರಣಗೊಂಡವು. ಆಮೇಲೆ ಈ ಕೆಲಸ ಗಣಕಯಂತ್ರಕ್ಕೆ ಬಂತು. 1991ರಲ್ಲಿ ಪ್ರೊ ಟೂಲ್ಸ್ ನಾಲ್ಕು ಟ್ರ್ಯಾಕುಗಳೊಡನೆ ಮಾರುಕಟ್ಟೆಗೆ ಬಂದಾಗ ಅದು ಸಿರಿವಂತ ಸ್ಟುಡಿಯೋಗಳ ಸೊತ್ತು. 2000ದಲ್ಲಿ ಬಿಡುಗಡೆಯಾದ ಅಡಾಸಿಟಿ ಎಂಬ ತಂತ್ರಾಂಶವಾದರೋ ಉಚಿತ. ಸಾಧಾರಣ ಗಣಕಯಂತ್ರವಿದ್ದರೆ ಹಳ್ಳಿಯಲ್ಲಿಯೂ ಈ ಕೆಲಸ ಮಾಡಬಹುದು.

ಪರದೆಯ ಮೇಲೆ ಪ್ರತಿಯೊಂದು ಟ್ರ್ಯಾಕೂ ಒಂದು ಪಟ್ಟಿಯಾಗಿ ಕಾಣುತ್ತದೆ: ತಂಬೂರಿಗೊಂದು, ಗಾಯಕನ ಕೊರಳಿಗೊಂದು, ದಮ್ಮಡಿಗೊಂದು, ಸೊಲ್ಲಿನವರಿಗೊಂದು. ಹಿಂದೆ ಆಕಾಶವಾಣಿ ಕೇಂದ್ರಗಳಲ್ಲಿ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದರು. ಇಲ್ಲಿ ಕತ್ತರಿಸಿದ್ದನ್ನು ಮರುಕ್ಷಣವೇ ಮೊದಲಿನಂತೆ ಮಾಡಬಹುದು. ಯಂತ್ರದ ಒಳಗೆ ನಡೆಯುವುದು ಕೂಡುವ ಲೆಕ್ಕ. ಸಿ.ಡಿ. ಗುಣಮಟ್ಟದಲ್ಲಿ ಪ್ರತಿ ಸೆಕೆಂಡಿನ ಸದ್ದು 44,100 ಅಂಕಿಗಳಾಗುತ್ತದೆ. ಮಿಶ್ರಣವೆಂದರೆ ಎಲ್ಲ ಟ್ರ್ಯಾಕುಗಳ ಅಂಕಿಗಳನ್ನು ಕ್ಷಣಕ್ಷಣಕ್ಕೂ ಕೂಡುವುದು. ಮೊತ್ತ ಮಿತಿ ಮೀರಿದರೆ ಸದ್ದು ಒಡೆದು ಕರ್ಕಶವಾಗುತ್ತದೆ. ಆದ್ದರಿಂದ ಯಾವುದಾದರೂ ಟ್ರ್ಯಾಕನ್ನು ತಗ್ಗಿಸಲೇಬೇಕು. ಯಾವುದನ್ನು ಎಂಬುದಕ್ಕೆ ಮಾತ್ರ ಯಂತ್ರದಲ್ಲಿ ಉತ್ತರವಿಲ್ಲ.

ಸಿನಿಮಾ ಹಾಡಿನಲ್ಲಿ ವಾದ್ಯದವರು ಒಂದು ದಿನ, ಗಾಯಕರು ಇನ್ನೊಂದು ದಿನ ಬಂದು ಮುದ್ರಿಸಬಹುದು. ನೀಲಗಾರರ ಮೇಳವನ್ನು ಹಾಗೆ ಬಿಡಿಸಲು ಬರುವುದಿಲ್ಲ. ಒಟ್ಟಿಗೆ ಕೂತು ಹಾಡುವಾಗ ದಮ್ಮಡಿಯ ಪೆಟ್ಟು ಗಾಯಕನ ಮೈಕಿಗೂ ಬೀಳುತ್ತದೆ. ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಎರಡು ಮೀಟರ್ ಆಚೆಯ ಮೈಕಿಗೆ ಅದೇ ಪೆಟ್ಟು 6 ಮಿಲಿಸೆಕೆಂಡು ತಡವಾಗಿ ತಲಪುತ್ತದೆ. ಎರಡನ್ನೂ ಬೆರೆಸಿದಾಗ ಕೆಲವು ಸ್ವರಗಳು ಒಂದನ್ನೊಂದು ನುಂಗಿ ಪೆಟ್ಟು ಟೊಳ್ಳಾಗಿ ಕೇಳಿಸುತ್ತದೆ. ಇದನ್ನು ತಪ್ಪಿಸಲು ಗಾಯಕನ ಟ್ರ್ಯಾಕನ್ನು ಎತ್ತಿ ಉಳಿದವರನ್ನು ತಗ್ಗಿಸುವುದು ಸುಲಭದ ದಾರಿ. ಹಾಗೆ ಮಾಡಿದಾಗ ಮೊದಲು ಮಾಯವಾಗುವುದು ಸೊಲ್ಲು.

ಇದು ಹೊಸ ರೋಗವೇನಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರ ದನಿ ಈ ಕಥೆಗಳನ್ನು ಮನೆಮನೆಗೂ ಮುಟ್ಟಿಸಿತು. ಅದು ಸಣ್ಣ ಉಪಕಾರವಲ್ಲ. ಆದರೆ 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಹಿಡಿಯುವುದು ಅರ್ಧ ಗಂಟೆ. ರಾತ್ರಿಯ ಕಥೆ ಆ ಅಳತೆಗೆ ಕುಗ್ಗಬೇಕಾಯಿತು. ಕ್ಯಾಸೆಟ್ಟು ಕೇಳಿ ಕಲಿತವರಿಗೆ ಆ ಕುಗ್ಗಿದ ಕಥೆಯೇ ಮೂಲವೆನಿಸಿದರೆ ಆಶ್ಚರ್ಯವಿಲ್ಲ.

ಗಣಕಯಂತ್ರಕ್ಕೆ ಅಂಥ ಇಕ್ಕಟ್ಟಿಲ್ಲ. ಎಂಟು ಗಂಟೆಯ ಹಾಡಿಕೆಯನ್ನು ನಾಲ್ಕು ಟ್ರ್ಯಾಕಿನಲ್ಲಿ ಮುದ್ರಿಸಿದರೂ ಬೇಕಾಗುವ ಜಾಗ ಸುಮಾರು 10 ಗಿಗಾಬೈಟ್. ಬೆರಳುದ್ದದ ಪೆನ್ ಡ್ರೈವಿನಲ್ಲಿ ಹಿಡಿಯುತ್ತದೆ. ಮೂಲ ಟ್ರ್ಯಾಕುಗಳನ್ನು ಮುಟ್ಟದೆ ಉಳಿಸಿ, ಪ್ರತಿಯ ಮೇಲೆ ಕತ್ತರಿಯಾಡಿಸುವುದಕ್ಕೆ ಈಗ ಅಡ್ಡಿಯೇನೂ ಇಲ್ಲ. ಎಲ್ಲಿ ಕತ್ತರಿಸಲಾಯಿತು, ಯಾವುದನ್ನು ತಗ್ಗಿಸಲಾಯಿತು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಮುಂದಿನವರು ಬೇರೆಯಾಗಿ ಬೆರೆಸಿ ನೋಡಬಹುದು. ಸೊಲ್ಲು ಹಾಕಿದವರ ಹೆಸರನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಮಿಶ್ರಣ ಮುಗಿದ ಮೇಲೆ ಮೇಳದವರನ್ನೇ ಕೂರಿಸಿ ಕೇಳಿಸುವುದು ಇನ್ನೂ ಒಳ್ಳೆಯದು. ತಮ್ಮ ದನಿ ಎಲ್ಲಿ ಅಡಗಿತೆಂದು ಅವರಿಗಿಂತ ಚೆನ್ನಾಗಿ ಹೇಳಬಲ್ಲವರಾರು?

ಇಂದು ಮುದ್ರಿಸಿದ್ದನ್ನು ಕೇಳಿ ನಾಳೆ ಒಬ್ಬ ಹುಡುಗ ನೀಲಗಾರನ ಹಾಡಿಕೆ ಕಲಿಯಬಹುದು. ಸೊಲ್ಲೇ ಕೇಳಿಸದ ಮುದ್ರಣದಿಂದ ಕಲಿತರೆ ಅವನು ಒಂಟಿಯಾಗಿ ಹಾಡುವುದನ್ನು ಕಲಿಯುತ್ತಾನೆ, ಮೇಳ ಕಟ್ಟುವುದನ್ನಲ್ಲ.