ಆ ಏಟು ಇಬ್ಬರಿಗೆ

(ಮಸೂತಿ ಗ್ರಾಮದ ಸ್ವಸಹಾಯ ಸಂಘದ ಸಭೆಯಲ್ಲಿ ಆಡಿದ ಮಾತು)



ನಮ್ಮ ಸೀಮೆಯಲ್ಲಿ ಬಸುರಿಗೆ ಕುಬುಸ ಮಾಡುತ್ತೇವೆ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುತ್ತೇವೆ. ತವರಿನವರು ತಂದದ್ದು ಕಡಿಮೆಯಾಯಿತೆಂದು ಅದೇ ರಾತ್ರಿ ಅವಳಿಗೆ ಹೊಡೆತ ಬಿದ್ದರೆ? ಆ ಏಟು ಒಬ್ಬಳಿಗಲ್ಲ, ಇಬ್ಬರಿಗೆ.

ಆರನೇ ತಿಂಗಳ ಹೊತ್ತಿಗೆ ಹೊಟ್ಟೆಯಲ್ಲಿನ ಕೂಸಿಗೆ ಸದ್ದು ಕೇಳತೊಡಗುತ್ತದೆ. ತಾಯಿಗೆ ಊಟವಿಲ್ಲದೆ, ಹೊಡೆತ-ಹೆದರಿಕೆಯಲ್ಲೇ ದಿನ ಕಳೆದರೆ ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದು, 2.5 ಕಿಲೋಗಿಂತ ಕಡಿಮೆ ತೂಗಬಹುದು.

ಹುಟ್ಟಿದ ಮೊದಲ 2 ವರ್ಷಗಳಲ್ಲಿ ಮೆದುಳು ಬಹುಪಾಲು ಬೆಳೆಯುತ್ತದೆ. 6 ತಿಂಗಳು ಎದೆಹಾಲು ಮಾತ್ರ ಸಾಕು. ಆಮೇಲೆ ಹಾಲಿನ ಜೊತೆಗೆ ಮೆತ್ತಗೆ ಬೇಯಿಸಿದ ನುಚ್ಚು, ಬೇಳೆ ಬೇಕು. ಮಾತು, ಜೋಗುಳ, ಆಟವೂ ಬೇಕು. ಅವ್ವ ಏಟು ತಿನ್ನುವುದನ್ನು ದಿನವೂ ನೋಡುವ ಮಗು ನಿದ್ದೆಯಲ್ಲಿ ಬೆಚ್ಚುತ್ತದೆ. ಶಾಲೆಯಲ್ಲಿ ಪಾಠ ತಲೆಗೆ ಹತ್ತುವುದಿಲ್ಲ. ಮಗ ಹೊಡೆಯುವುದನ್ನೂ ಮಗಳು ಸಹಿಸುವುದನ್ನೂ ಕಲಿಯಬಹುದು.

ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾಯಿತು. ಸೊಸೆಯನ್ನು ಅಲ್ಲಿಗೆ ಕಳಿಸದ ಮನೆಗೆ ನಾವೇ ಹೋಗಿ ಕೇಳೋಣ. ಹೊಡೆತವನ್ನೂ ವರದಕ್ಷಿಣೆ ಕಿರುಕುಳವನ್ನೂ ತಡೆಯಲು 2005ರ ಕೌಟುಂಬಿಕ ಹಿಂಸೆ ಕಾಯಿದೆ ಇದೆ. ನೆರವಿಗೆ 181ಕ್ಕೆ ಫೋನ್ ಮಾಡಬಹುದು. ‘ಅದು ಅವರ ಮನೆ ಮಾತು’ ಎಂದು ಸುಮ್ಮನಿರುವುದು ಬೇಡ.

ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಕೇಳುತ್ತೇವೆ. ಬಸುರಿ ಸದಸ್ಯೆಯನ್ನು ಪಕ್ಕಕ್ಕೆ ಕರೆದು ಇದನ್ನೂ ಕೇಳೋಣ: ‘ಉಂಡಿಯೇನು ತಂಗಿ? ಮನೆಯಲ್ಲಿ ಯಾರಾದರೂ ಕೈ ಮಾಡಿದರೇನು?’