ಕಲ್ಲು ಕಡಿದವರ ಹೆಸರು

(ಬಣಕಲ್ಲಿನಲ್ಲಿ ಕಾರ್ಮಿಕರು ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಶಾಲಾ ಮೇಷ್ಟರಾಗಿದ್ದಾಗ, "ಬೇಲೂರಿನ ದೇವಸ್ಥಾನ ಕಟ್ಟಿದವರು ಯಾರು?" ಎಂದು ಮಕ್ಕಳನ್ನು ಕೇಳುತ್ತಿದ್ದೆ. "ವಿಷ್ಣುವರ್ಧನ" ಎಂದವರಿಗೆ ಪೂರ್ತಿ ಅಂಕ. ಒಂದು ದಿನ ಕಲ್ಲುಕುಟಿಗನ ಮಗನೊಬ್ಬ ಎದ್ದು ನಿಂತು, "ರಾಜ ಕಲ್ಲು ಹೊತ್ತನೇ ಸಾರ್?" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಅವನನ್ನು ಕೂರಿಸಿದೆ. ಆ ತಪ್ಪನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಹೊಯ್ಸಳರು ನಮಗೆ ದೂರದವರಲ್ಲ. ಅವರ ಮೂಲದ ಊರು ಸೊಸೆವೂರು ಎಂದರೆ ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಕಟ್ಟಿದವನು ಜಕಣಾಚಾರಿ ಎಂದು ಕಥೆ ಹೇಳುತ್ತದೆ. ಆದರೆ ಮದನಿಕೆಯರ ಕಾಲ ಬಳಿಯ ಕಲ್ಲು ಓದಿ ನೋಡಿ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳಿವೆ. ಬಿರುದುಗಳ ಸಮೇತ, ಎದೆಯುಬ್ಬಿಸಿ ಕೊರೆದುಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಎಷ್ಟೋ ವಿಗ್ರಹಗಳ ಅಡಿಯಲ್ಲಿದೆ. ದುಡಿದವನು ತನ್ನ ದುಡಿಮೆಗೆ ರುಜು ಹಾಕಿದ್ದಾನೆ!

ಹಾಗೆಂದು ಆ ಕಾಲ ಸ್ವರ್ಗವಾಗಿತ್ತೆಂದು ನಾನು ಹೇಳುವುದಿಲ್ಲ. ಬಂಡೆ ಸೀಳಿದವರು, ಗಾಡಿ ಹೊಡೆದವರು, ಮಣ್ಣು ಹೊತ್ತ ಹೆಂಗಸರು—ಇವರ ಹೆಸರು ಅಲ್ಲಿಯೂ ಇಲ್ಲ. ದೇವಸ್ಥಾನದ ಖರ್ಚಿಗೆ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟದ್ದನ್ನು ಶಾಸನಗಳು ಹೇಳುತ್ತವೆ. ಆ ಆದಾಯ ಬೆಳೆದ ರೈತನನ್ನು ಹೇಳುವುದಿಲ್ಲ.

ಇನ್ನು ನಮ್ಮ ಪ್ರಜಾರಾಜ್ಯದ ಕಟ್ಟಡಕ್ಕೆ ಬನ್ನಿ. ವಿಧಾನಸೌಧಕ್ಕೆ ನೆಹರೂ ಅವರು 1951ರಲ್ಲಿ ಶಂಕುಸ್ಥಾಪನೆ ಮಾಡಿದರು. 1956ರಲ್ಲಿ ಅದು ಮುಗಿಯಿತು. ಕೆಂಗಲ್ ಹನುಮಂತಯ್ಯನವರ ಹೆಸರು ಎಲ್ಲರಿಗೂ ಗೊತ್ತು, ಅದು ನ್ಯಾಯವೇ. ಎಂಜಿನಿಯರ್ ಮಾಣಿಕ್ಯಂ ಅವರ ಹೆಸರು ಕೆಲವರಿಗೆ ಗೊತ್ತು. ಆದರೆ ಅಲ್ಲಿ ಸುಮಾರು 5000 ಕೂಲಿಗಳು, 1500 ಕಲ್ಲುಕೆಲಸದವರು ಮತ್ತು ಬಡಗಿಗಳು ದುಡಿದರು. ಕೂಲಿಗಳಲ್ಲಿ ಬಹಳ ಮಂದಿ ಜೈಲಿನ ಖೈದಿಗಳು. ಅವರಲ್ಲಿ ಒಬ್ಬನ ಹೆಸರನ್ನಾದರೂ ನೀವು ಹೇಳಬಲ್ಲಿರಾ? ನಾನಂತೂ ಹೇಳಲಾರೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷ. ಅಲ್ಲಿಗೆ ಬರುವ ಜನರಿಂದ ಹೂವಿನವನಿಗೆ, ಹೋಟೆಲಿನವನಿಗೆ, ಸಣ್ಣ ಅಂಗಡಿಯವನಿಗೆ ನಾಲ್ಕು ಕಾಸು ಹುಟ್ಟುತ್ತದೆ. ಎಂಟುನೂರು ವರ್ಷಗಳ ಹಿಂದಿನ ಬೆವರು ಇಂದಿಗೂ ಅನ್ನ ಹಾಕುತ್ತಿದೆ. ಕಟ್ಟಡದ ಬೆಲೆ ಎಂದರೆ ಇದು.

"ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ ಮೇಷ್ಟ್ರೇ?" ಎಂದು ನೀವು ಕೇಳಬಹುದು. ತುಂಬುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಸಾರುವೆಯಿಂದ ಬಿದ್ದರೆ, ಅವನು ಅಲ್ಲಿ ದುಡಿಯುತ್ತಲೇ ಇರಲಿಲ್ಲ ಎಂದುಬಿಡುತ್ತಾರೆ. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ಕ್ಕೆ ಕಡಿಮೆಯಿಲ್ಲದ ಸುಂಕ ಎತ್ತಿ ಕಾರ್ಮಿಕರ ಕ್ಷೇಮಕ್ಕೆ ಬಳಸಬೇಕೆಂದು 1996ರಲ್ಲಿ ಕಾನೂನಾಯಿತು. ಆದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸದವನಿಗೆ ಆ ಹಣದ ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ಎರಡು ಮಾತು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಗಾರೆ ಕೆಲಸದವರಿದ್ದರೆ ಈ ವಾರವೇ ಹೆಸರು ನೋಂದಾಯಿಸಲು ಕರೆದೊಯ್ಯಿರಿ. ನಮ್ಮೂರಿನಲ್ಲಿ ಇನ್ನು ಮುಂದೆ ಏಳುವ ಸಾರ್ವಜನಿಕ ಕಟ್ಟಡದಲ್ಲಿ, ಮಂತ್ರಿಗಳ ಹೆಸರಿನ ಕಲ್ಲಿನ ಪಕ್ಕ ಕಟ್ಟಿದವರ ಹೆಸರಿನ ಕಲ್ಲೂ ಇರಲೆಂದು ಪಂಚಾಯಿತಿಯನ್ನು ಕೇಳೋಣ. ಅರಸರ ಕಾಲದಲ್ಲಿ ದಾಸೋಜನಿಗೆ ಸಿಕ್ಕಿದ್ದು ಪ್ರಜೆಗಳ ಕಾಲದಲ್ಲಿ ನಮ್ಮವರಿಗೆ ಸಿಗಬಾರದೇ?

ಆ ಹುಡುಗ ಮತ್ತೆ ಸಿಕ್ಕರೆ ಅವನಿಗೆ ಪೂರ್ತಿ ಅಂಕ ಕೊಡುತ್ತೇನೆ.